ಬೆವೆರೆನ್ ತನ್ನ ಆಬಿಜಾನ್ ದಾರಿಯನ್ನು ಮುಚ್ಚಿದ್ದು ಸರಿಯೇ?

ಹಳದಿ_ನೀಲಿ (ಚರ್ಚೆ ಆರಂಭಿಸಿದವರು)

ವಿದೇಶಿ ಹುಡುಗರನ್ನು ಕರೆತರುವ ಯೋಜನೆಗಳನ್ನು ಫುಟ್‌ಬಾಲ್ ಕ್ಲಬ್‌ಗಳು ಕೈಬಿಡುವ ಬಗ್ಗೆ ಈ ವೇದಿಕೆಯಲ್ಲಿ ಆಗಾಗ ಮಾತು ಬರುತ್ತದೆ. ಪ್ರತಿಸಲವೂ ಅದು ದೊಡ್ಡ ಕ್ಲಬ್‌ಗಳ ಸುತ್ತಲೇ ಸುತ್ತುತ್ತದೆ. ಬೆಲ್ಜಿಯಂನ ಬೆವೆರೆನ್ ಕ್ಲಬ್ಬಿನ ಕಥೆಯನ್ನು ಮುಂದಿಡಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ. ಇಂಥ ಯೋಜನೆ ಇಷ್ಟು ದೂರ ಹೋದದ್ದನ್ನೂ ಇಷ್ಟು ಕೆಟ್ಟದಾಗಿ ಮುಗಿದದ್ದನ್ನೂ ನಾನು ಬೇರೆಲ್ಲೂ ಕಂಡಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬೆವೆರೆನ್ ಆಂಟ್ವರ್ಪ್ ನಗರದ ಪಶ್ಚಿಮಕ್ಕಿರುವ ಸಣ್ಣ ಊರು. ಆ ಊರಿನ ತಂಡ 1979 ಮತ್ತು 1984ರಲ್ಲಿ ಬೆಲ್ಜಿಯಂ ಚಾಂಪಿಯನ್ ಆಗಿತ್ತು. 1979ರಲ್ಲಿಯೇ ಯುರೋಪಿನ ಕಪ್ ವಿಜೇತರ ಕಪ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು ಹೊರಹಾಕಿ ಸೆಮಿಫೈನಲ್ ತಲುಪಿತ್ತು. ಅಲ್ಲಿ ಬಾರ್ಸಿಲೋನಾ ಎದುರು ಸೋತಿತು. ಗೋಲ್‌ಕೀಪರ್ ಜಾಂ-ಮಾರಿ ಪಫ್ ಬೆಳೆದದ್ದು ಈ ಕ್ಲಬ್ಬಿನಲ್ಲಿ. ಶತಮಾನ ಮುಗಿಯುವ ಹೊತ್ತಿಗೆ ಅದೇ ಕ್ಲಬ್ ಸಾಲದಲ್ಲಿ ಮುಳುಗಿತ್ತು.

2001ರಲ್ಲಿ ಜಾಂ-ಮಾರ್ಕ್ ಗಿಯೂ ಬಂದರು. ಫ್ರಾನ್ಸ್ ಪರವಾಗಿ 1978ರ ವಿಶ್ವಕಪ್ ತಂಡದಲ್ಲಿದ್ದ ಅವರು ಐವರಿ ಕೋಸ್ಟಿನ ಆಬಿಜಾನ್‌ನಲ್ಲಿ, ಅಸೆಕ್ ಮಿಮೋಸಾ ಕ್ಲಬ್ಬಿನ ಜೊತೆ, 1994ರಿಂದ ಅಕಾಡೆಮಿ ನಡೆಸುತ್ತಿದ್ದರು. ಆ ಅಕಾಡೆಮಿಯ ಹುಡುಗರು ಒಬ್ಬೊಬ್ಬರಾಗಿ ಬೆವೆರೆನ್‌ಗೆ ಬಂದರು: ಯಾಯಾ ತೂರೆ, ಎಮಾನ್ಯುಯೆಲ್ ಎಬುವೆ, ಆರ್ತುರ್ ಬೋಕಾ, ಯಾಪಿ ಯಾಪೋ, ರೊಮಾರಿಕ್, ಬೂಬಾಕರ್ ಬ್ಯಾರಿ, ಆಮೇಲೆ ಜೆರ್ವಿನ್ಯೋ. ಕೆಲವು ಪಂದ್ಯಗಳಲ್ಲಿ ಕಣಕ್ಕಿಳಿದ ಹನ್ನೊಂದರಲ್ಲಿ ಹತ್ತು ಮಂದಿ ಐವರಿ ಕೋಸ್ಟಿನವರು. 2004ರ ಬೆಲ್ಜಿಯಂ ಕಪ್ ಫೈನಲ್‌ನಲ್ಲಿ ಕ್ಲಬ್ ಬ್ರೂಗ್ ಎದುರು 4–2ರಿಂದ ಸೋತರೂ ಯುಇಎಫ್‌ಎ ಕಪ್‌ಗೆ ಅರ್ಹತೆ ದೊರೆತು, ಗುಂಪು ಹಂತದವರೆಗೆ ಹೋದರು.

2006ರಲ್ಲಿ ಎಲ್ಲವೂ ನಿಂತಿತು. ಗಿಯೂ ಹೊರಟರು, ಲಂಡನ್ನಿನ ಆರ್ಸೆನಲ್ ಕ್ಲಬ್ ಬೆವೆರೆನ್ ಜೊತೆ ಮಾಡಿಕೊಂಡಿದ್ದ ಒಪ್ಪಂದವೂ ಮುಗಿಯಿತು. ಮರುವರ್ಷವೇ ಬೆವೆರೆನ್ ಮೊದಲ ದರ್ಜೆಯಿಂದ ಕೆಳಗಿಳಿಯಿತು. 2010ರಲ್ಲಿ ನೆರೆಯ ರೆಡ್ ಸ್ಟಾರ್ ವಾಸ್‌ಲ್ಯಾಂಡ್ ಜೊತೆ ಸೇರಿ ಹಳೆಯ ಕ್ಲಬ್ ಇಲ್ಲವಾಯಿತು.

ನಿಲ್ಲಿಸಿದ್ದರಿಂದ ಕ್ಲಬ್ ಸತ್ತಿತು ಎನ್ನುವವರಿದ್ದಾರೆ. ಆರಂಭಿಸಿದ್ದರಿಂದಲೇ ಸತ್ತಿತು ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯ ಎರಡಕ್ಕೂ ಸೇರುವುದಿಲ್ಲ. ಇದನ್ನು ಆರಂಭಿಸುವಾಗಲೂ ನಿಲ್ಲಿಸುವಾಗಲೂ ಬೆವೆರೆನ್ ಊರಿನವರನ್ನಾಗಲಿ ಆಬಿಜಾನಿನ ಹುಡುಗರನ್ನಾಗಲಿ ಯಾರೂ ಕೇಳಲಿಲ್ಲ. ನಡುವಿನವರಿಗೆ ಅನುಕೂಲವಾಗಿದ್ದಷ್ಟು ಕಾಲ ನಡೆಯಿತು, ಅನುಕೂಲ ತೀರಿದಾಗ ನಿಂತಿತು. ನಿಮಗೆ ಏನನ್ನಿಸುತ್ತದೆ?

---

ಹೈಬರಿ_ಉತ್ತರ_ದ್ವಾರ

ಆರ್ಸೆನಲ್ ಅಭಿಮಾನಿಯಾಗಿ ಇದಕ್ಕೆ ಉತ್ತರಿಸದೆ ಇರಲಾರೆ. ನಡುವಿನವರು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯ.

ಗಿಯೂ ಮತ್ತು ಆಗ ಆರ್ಸೆನಲ್ ತರಬೇತುದಾರರಾಗಿದ್ದ ಆರ್ಸೆನ್ ವೆಂಗರ್ ಅವರದು ಹಳೆಯ ಸ್ನೇಹ. 1983ರಲ್ಲಿ ಫ್ರಾನ್ಸಿನ ಕಾನ್ ಕ್ಲಬ್ಬಿನಲ್ಲಿ ಗಿಯೂ ತರಬೇತುದಾರರಾಗಿದ್ದಾಗ ವೆಂಗರ್ ಅವರ ಸಹಾಯಕರು. ಹುಡುಗರು ಬೆವೆರೆನ್‌ನಲ್ಲಿ ಆಡಿ ಆಮೇಲೆ ಆರ್ಸೆನಲ್‌ಗೆ ಬರುವ ಈ ವ್ಯವಸ್ಥೆ ಆ ನಂಬಿಕೆಯ ಮೇಲೆ ನಿಂತಿತ್ತು. ಆಗ ಇಂಗ್ಲೆಂಡಿನಲ್ಲಿ ಯುರೋಪಿನ ಹೊರಗಿನ ಆಟಗಾರನಿಗೆ ಕೆಲಸದ ಪರವಾನಗಿ ಬೇಕೆಂದರೆ, ಅವನ ದೇಶ ಫಿಫಾ ಪಟ್ಟಿಯಲ್ಲಿ ಮೊದಲ 70ರೊಳಗೆ ಇರಬೇಕಿತ್ತು, ಅವನು ಹಿಂದಿನ ಎರಡು ವರ್ಷಗಳಲ್ಲಿ ರಾಷ್ಟ್ರೀಯ ತಂಡದ ಪಂದ್ಯಗಳಲ್ಲಿ ಶೇಕಡಾ 75ರಷ್ಟನ್ನು ಆಡಿರಬೇಕಿತ್ತು. ಹದಿನೆಂಟರ ಹುಡುಗನಿಗೆ ಇದು ಎಲ್ಲಿ ಸಾಧ್ಯ? ಬೆಲ್ಜಿಯಂನಲ್ಲಿ ಅಂಥ ತಡೆ ಇರಲಿಲ್ಲ. ಕಣಕ್ಕಿಳಿಸುವ ವಿದೇಶಿಯರ ಸಂಖ್ಯೆಗೂ ಮಿತಿ ಇರಲಿಲ್ಲ.

ಹುಡುಗರಿಗೆ ಸಿಕ್ಕಿದ್ದನ್ನು ನೋಡಿ. ಎಬುವೆ 2005ರ ಜನವರಿಯಲ್ಲಿ ಆರ್ಸೆನಲ್‌ಗೆ ಬಂದರು. ಮರುವರ್ಷ ಪ್ಯಾರಿಸ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದರು. ಯಾಯಾ ತೂರೆ 2003ರಲ್ಲಿ ನಮ್ಮಲ್ಲಿಗೆ ಪರೀಕ್ಷೆಗೆ ಬಂದು ಬಾರ್ನೆಟ್ ಎದುರು ಸ್ನೇಹಪಂದ್ಯ ಆಡಿದ್ದರು. ನಮಗೆ ದಕ್ಕಲಿಲ್ಲ, ಆದರೆ ಅವರು ಬಾರ್ಸಿಲೋನಾ, ಮ್ಯಾಂಚೆಸ್ಟರ್ ಸಿಟಿ ತಲುಪಿ 2011ರಿಂದ ಸತತ ನಾಲ್ಕು ಸಲ ಆಫ್ರಿಕಾದ ವರ್ಷದ ಆಟಗಾರರಾದರು. ಬೆವೆರೆನ್ ಇಲ್ಲದಿದ್ದರೆ ಈ ಬಾಗಿಲು ತೆರೆಯುತ್ತಿತ್ತೇ?

ಸಾಲದ ವಿಷಯವನ್ನು ಯಾರಾದರೂ ಎತ್ತುವ ಮೊದಲೇ ಹೇಳಿಬಿಡುತ್ತೇನೆ. ಬೆವೆರೆನ್‌ಗಾಗಿ ಆರ್ಸೆನಲ್ ಕೊಟ್ಟ ಸುಮಾರು ಹತ್ತು ಲಕ್ಷ ಪೌಂಡ್ ಸಾಲದ ಬಗ್ಗೆ 2006ರಲ್ಲಿ ಬಿಬಿಸಿ ವರದಿ ಮಾಡಿತು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ವಿಚಾರಿಸಿ, ನಿಯಮ ಮುರಿದದ್ದಕ್ಕೆ ಪುರಾವೆ ಇಲ್ಲವೆಂದಿತು.

---

ಷೆಲ್ಟ್_ದಂಡೆಯಿಂದ

ನಾನು ಧಾರವಾಡದವನು. ಕೆಲಸದ ನಿಮಿತ್ತ ಆಂಟ್ವರ್ಪ್‌ನಲ್ಲಿ ನೆಲೆಸಿದ್ದೇನೆ. ಕಚೇರಿಯಲ್ಲಿ ಬೆವೆರೆನ್ ಕಡೆಯ ಹಿರಿಯ ಸಹೋದ್ಯೋಗಿಗಳಿದ್ದಾರೆ. ಅವರೊಂದಿಗೆ ಕ್ಲಬ್ಬಿನ ಫ್ರೀತೀಲ್ ಮೈದಾನಕ್ಕೂ ಹೋಗಿದ್ದೇನೆ. ಹೊರಗಿನಿಂದ ನೋಡುವವರಿಗೆ ಕಾಣದ ಕೆಲವು ಸಂಗತಿಗಳನ್ನು ಹೇಳಬೇಕು.

ಈ ಊರಿನವರಿಗೆ ಕಳೆದುಕೊಳ್ಳುವುದು ಹೊಸದಲ್ಲ. ಆಂಟ್ವರ್ಪ್ ಬಂದರು ಷೆಲ್ಟ್ ನದಿಯ ಎಡದಂಡೆಗೆ ಹಬ್ಬುತ್ತ ಹೋದಂತೆ ಹಳ್ಳಿಗಳನ್ನೇ ನುಂಗಿತು. ಇದೇ ಪುರಸಭೆಗೆ ಸೇರಿದ ದೂಲ್ ಎಂಬ ಹಳ್ಳಿ ಬಹುತೇಕ ಖಾಲಿಯಾಗಿದೆ. ಅಂಥ ಊರಿಗೆ ಫುಟ್‌ಬಾಲ್ ಕ್ಲಬ್ ಮನರಂಜನೆಯಷ್ಟೇ ಆಗಿರಲಿಲ್ಲ. ಪಫ್ ಕಾಲದ ತಂಡದಲ್ಲಿ ಸುತ್ತಮುತ್ತಲಿನ ಹುಡುಗರೇ ಹೆಚ್ಚು. ಪಂದ್ಯದ ಮರುದಿನ ಅವರು ಅಂಗಡಿಯಲ್ಲಿ, ಬೀದಿಯಲ್ಲಿ ಸಿಗುತ್ತಿದ್ದರು ಎಂದು ಹಿರಿಯರು ಇಂದಿಗೂ ಹೇಳುತ್ತಾರೆ.

ಇಲ್ಲಿ ಜನಾಂಗದ್ವೇಷ ಇರಲಿಲ್ಲವೇ ಎಂದರೆ, ಇತ್ತು. ಆ ವರ್ಷಗಳಲ್ಲಿ ಬೆಲ್ಜಿಯಂನ ಡಚ್ ಮಾತಾಡುವ ಭಾಗವಾದ ಫ್ಲಾಂಡರ್ಸ್‌ನಲ್ಲಿ ವಲಸೆವಿರೋಧಿ ರಾಜಕೀಯ ಬಲವಾಗಿತ್ತು. ಎದುರಾಳಿ ಗ್ಯಾಲರಿಗಳಿಂದ ಈ ಹುಡುಗರು ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯಲಾರೆ. ಆದರೆ ಬೆವೆರೆನ್ ಅಭಿಮಾನಿಗಳ ಬೇಸರವನ್ನೆಲ್ಲ ಅದೇ ಖಾತೆಗೆ ಹಾಕುವುದು ತಪ್ಪು. ನನ್ನ ಸಹೋದ್ಯೋಗಿಯೊಬ್ಬರು ಆ ತಂಡದ ಆಟವನ್ನು ಇಂದಿಗೂ ಕಣ್ಣರಳಿಸಿ ವರ್ಣಿಸುತ್ತಾರೆ. ನೆಲಕ್ಕಂಟಿದ ಚಿಕ್ಕ ಪಾಸುಗಳು, ಗೋಲ್‌ಕೀಪರ್‌ನಿಂದ ಹಿಡಿದು ಎಲ್ಲರೂ ಚೆಂಡನ್ನು ಕಾಲಿನಲ್ಲೇ ಇಟ್ಟುಕೊಳ್ಳುವ ಧೈರ್ಯ. ಅದನ್ನು ಕೊಂಡಾಡುವ ಅದೇ ವ್ಯಕ್ತಿ ಋತುಚೀಟಿ (ಸೀಸನ್ ಟಿಕೆಟ್) ಕೊಳ್ಳುವುದನ್ನು ನಿಲ್ಲಿಸಿದರು. ಕಾರಣ ಕೇಳಿದಾಗ, ಹೆಸರು ಕಲಿತು ಹಚ್ಚಿಕೊಳ್ಳುವಷ್ಟರಲ್ಲಿ ಹುಡುಗನನ್ನು ಮಾರಿಬಿಡುತ್ತಿದ್ದರು ಎಂದರು. ಇನ್ನೊಂದು ಕಡೆ ಅವರ ಮಗನ ಓರಗೆಯವರು ಕಿರಿಯರ ತಂಡದಲ್ಲಿ ಆಡುತ್ತಿದ್ದರು. ಮೇಲಿನ ತಂಡಕ್ಕೆ ತಮಗೆ ದಾರಿಯಿಲ್ಲವೆಂದು ಅವರಿಗೆ ಗೊತ್ತಿತ್ತು.

ಹಾಗಾಗಿ 2006ರಲ್ಲಿ ಯೋಜನೆ ನಿಂತಾಗ ಮೇಲೆ ಬರಲು ಸಿದ್ಧವಾದ ಸ್ಥಳೀಯ ತಲೆಮಾರು ಇರಲಿಲ್ಲ. ನನ್ನ ಪ್ರಕಾರ ಕ್ಲಬ್ ಬಿದ್ದದ್ದಕ್ಕೆ ಕಾರಣ ಇದು. ಆಬಿಜಾನಿನ ಹುಡುಗರು ಕಾರಣವಲ್ಲ, ಅವರು ಬರುವುದು ನಿಂತದ್ದೂ ಕಾರಣವಲ್ಲ. ಐದು ವರ್ಷ ಕ್ಲಬ್ ತನ್ನ ಹೊಲವನ್ನು ಉಳದೆ ಬಿಟ್ಟಿತ್ತು.

2010ರ ವಿಲೀನವನ್ನು ಒಪ್ಪದ ಅಭಿಮಾನಿಗಳು ಮರುವರ್ಷ ತಮ್ಮದೇ ಹಳದಿ-ನೀಲಿ ತಂಡ ಕಟ್ಟಿ ಕೆಳಗಿನ ದರ್ಜೆಯಿಂದ ಆಡಲಾರಂಭಿಸಿದರು. ವಿಲೀನವಾದ ಕ್ಲಬ್ ಕೂಡ 2022ರಲ್ಲಿ ಎಸ್‌ಕೆ ಬೆವೆರೆನ್ ಎಂಬ ಹಳೆಯ ಹೆಸರಿಗೆ ಮರಳಿತು.

---

ಮಂಗಳಾ_ಮೈದಾನ

ಪೌರತ್ವದ ವಿಷಯ ಯಾರೂ ಹೇಳಲಿಲ್ಲ. ಬೆಲ್ಜಿಯಂನಲ್ಲಿ ಬೇಗ ಪೌರತ್ವ ಸಿಗುತ್ತಿತ್ತು, ಅದಕ್ಕಾಗಿಯೇ ಆ ದೇಶವನ್ನು ಆರಿಸಿದರು ಎಂದು ಓದಿದ ನೆನಪು. ನಿಜವೇ?

---

ಹಳದಿ_ನೀಲಿ

@ಮಂಗಳಾ_ಮೈದಾನ, 2000ದ ಮಾರ್ಚ್‌ನ ಕಾನೂನಿನಂತೆ ಮೂರು ವರ್ಷ ವಾಸವಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದಿತ್ತು. ಬೆಲ್ಜಿಯಂ ಪಾಸ್‌ಪೋರ್ಟ್ ಕೈಗೆ ಬಂದರೆ ಯುರೋಪಿನ ನ್ಯಾಯಾಲಯ 1995ರಲ್ಲಿ ಕೊಟ್ಟ ಬೋಸ್ಮನ್ ತೀರ್ಪಿನ ಲಾಭವೂ ಬರುತ್ತದೆ, ಯುರೋಪಿಯನ್ ಒಕ್ಕೂಟದ ಯಾವ ಕ್ಲಬ್ಬಿನಲ್ಲೂ ವಿದೇಶಿಯರ ಮಿತಿಗೆ ಸಿಲುಕದೆ ಆಡಬಹುದು. ಆ ಕಾನೂನನ್ನು ಆಮೇಲೆ ಬಿಗಿ ಮಾಡಿದರು. ಇಂಥ ಯೋಜನೆಗಳ ಆಯಸ್ಸು ಎಷ್ಟೋ ಸಲ ಸಂಸತ್ತಿನ ಒಂದು ಕಲಮಿನ ಮೇಲೆ ನಿಂತಿರುತ್ತದೆ.

@ಷೆಲ್ಟ್_ದಂಡೆಯಿಂದ, ನಿಮ್ಮ ಬರಹಕ್ಕೆ ಮನಃಪೂರ್ವಕ ಧನ್ಯವಾದಗಳು. ಕಿರಿಯರ ತಂಡದ ಆ ಮಾತು ನನ್ನನ್ನು ಬಹಳ ಹೊತ್ತು ಕಾಡಿತು.

---

ಲೆಕ್ಕದ_ಪುಸ್ತಕ

ಹಣದ ದಾರಿಯನ್ನು ಬಿಡಿಸಿ ನೋಡಿದರೆ ಬೆವೆರೆನ್‌ಗೆ ಏನು ದಕ್ಕಿತು ಎನ್ನುವುದು ತಿಳಿಯುತ್ತದೆ.

ಫಿಫಾ 2001ರಲ್ಲಿ ಎರಡು ವ್ಯವಸ್ಥೆಗಳನ್ನು ತಂದಿತು. ಒಂದು, ತರಬೇತಿ ಪರಿಹಾರ. ಇನ್ನೊಂದು, ಒಗ್ಗಟ್ಟಿನ ಪಾಲು. ಎರಡನೆಯದರಂತೆ, ಆಟಗಾರನು ಒಪ್ಪಂದದ ನಡುವೆ ದೇಶದಿಂದ ದೇಶಕ್ಕೆ ಮಾರಾಟವಾದಾಗಲೆಲ್ಲ ಮೊತ್ತದ ಶೇಕಡಾ 5ರಷ್ಟನ್ನು ಅವನ 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರವರೆಗೆ ವರ್ಷಕ್ಕೆ ಕಾಲು ಪ್ರತಿಶತ, 16ರಿಂದ 23ರವರೆಗೆ ವರ್ಷಕ್ಕೆ ಅರ್ಧ ಪ್ರತಿಶತ.

ಯಾಯಾ ತೂರೆ ಹದಿನೆಂಟು ತುಂಬಿದ ಮೇಲೆ ಬೆವೆರೆನ್‌ಗೆ ಬಂದರು, ಎರಡು ಋತುಗಳಿಗೂ ಸ್ವಲ್ಪ ಹೆಚ್ಚು ಕಾಲ ಇದ್ದು ಉಕ್ರೇನಿನ ಡೊನೆಟ್ಸ್ಕ್‌ಗೆ ಹೋದರು. ಅಲ್ಲಿಂದ ಒಲಿಂಪಿಯಾಕೋಸ್, ಮೊನಾಕೋ, ಬಾರ್ಸಿಲೋನಾ, ಮ್ಯಾಂಚೆಸ್ಟರ್ ಸಿಟಿ. ದೊಡ್ಡ ಹಣ ಓಡಾಡಿದ್ದು ಕೊನೆಯ ಎರಡು ಹೆಜ್ಜೆಗಳಲ್ಲಿ. ಅದರಲ್ಲಿ ಬೆವೆರೆನ್ ಹೆಸರಿಗೆ ಬರುವುದು ಶೇಕಡಾ ಒಂದರ ಆಸುಪಾಸು. ಜೆರ್ವಿನ್ಯೋ ಇನ್ನೂ ಒಳ್ಳೆಯ ಉದಾಹರಣೆ. 2005ರಿಂದ 2007ರವರೆಗೆ ಬೆವೆರೆನ್‌ನಲ್ಲಿದ್ದರು; ಲೆ ಮಾನ್‌ಗೆ ಹೋದರು; ಲೀಲ್‌ಗೆ ಹೋಗಿ ಫ್ರಾನ್ಸ್ ಚಾಂಪಿಯನ್ ಆದರು; 2011ರಲ್ಲಿ ಅವರನ್ನು ಪೂರ್ತಿ ಬೆಲೆ ತೆತ್ತು ಕೊಂಡದ್ದು ಆರ್ಸೆನಲ್. ಅದಕ್ಕೆ ಐದು ವರ್ಷ ಹಿಂದೆ ಆರ್ಸೆನಲ್ ಒಪ್ಪಂದ ಮುಗಿಸಿ ಹೊರಟಾಗ ಇದೇ ಹುಡುಗ ಬೆವೆರೆನ್ ಅಂಗಿಯಲ್ಲಿದ್ದ.

ಈ ಹುಡುಗರಲ್ಲಿ ಹಲವರು ಮೂರು ನಾಲ್ಕು ವರ್ಷ ಹೆಚ್ಚು ಉಳಿದಿದ್ದರೆ ಬೆವೆರೆನ್‌ನ ಸಾಲ ತೀರಿ ಕಿರಿಯರ ಅಕಾಡೆಮಿಗೂ ಹಣ ಉಳಿಯುತ್ತಿತ್ತು ಎಂದು ನನ್ನ ನಂಬಿಕೆ. ಸಾಲದಲ್ಲಿರುವ ಕ್ಲಬ್ಬಿಗೆ ಕಾಯುವ ಶಕ್ತಿ ಇರಲಿಲ್ಲ. ಹಾಗಾಗಿ ಬಂದ ಬೆಲೆಗೆ ಬಿಟ್ಟುಕೊಟ್ಟಿತು.

---

ಅಶೋಕನಗರ_ಹಳೆಯ_ಗ್ಯಾಲರಿ

ಚರ್ಚೆ ಓದುತ್ತಿದ್ದಂತೆ ನಮ್ಮ ಬೆಂಗಳೂರಿನ ಕಥೆ ನೆನಪಾಯಿತು. ಊರಿನಿಂದ ಆಟಗಾರರು ದೂರದ ಕ್ಲಬ್ಬಿಗೆ ಹೋಗುವುದನ್ನು ನಾವು ಕಳುಹಿಸುವವರ ಕಡೆಯಿಂದ ನೋಡಿದ್ದೇವೆ.

1930ರ ದಶಕದಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಸತತವಾಗಿ ಲೀಗ್ ಗೆದ್ದಾಗ ಆ ತಂಡದಲ್ಲಿ ಬೆಂಗಳೂರಿನವರಿದ್ದರು. ಸ್ವಾತಂತ್ರ್ಯದ ನಂತರ ಈಸ್ಟ್ ಬೆಂಗಾಲ್‌ನ ಮುಂಚೂಣಿಯ ಐವರನ್ನು ಪಂಚಪಾಂಡವರೆಂದು ಕರೆದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರೂ ದಕ್ಷಿಣದವರು. ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. ಅವರ ಕಾಲದಲ್ಲಿ ಈಸ್ಟ್ ಬೆಂಗಾಲ್ 1949ರಿಂದ 1951ರವರೆಗೆ ಮೂರು ವರ್ಷ ಸತತವಾಗಿ ಐಎಫ್‌ಎ ಶೀಲ್ಡ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಇಲ್ಲಿಯವರೇ.

ಕಲ್ಕತ್ತೆಯ ಕ್ಲಬ್‌ಗಳು ಕ್ರಮೇಣ ಬೇರೆ ಕಡೆ ನೋಡತೊಡಗಿದವು, ವಿದೇಶಿ ಆಟಗಾರರೂ ಬಂದರು. ಮೋಹನ್ ಬಗಾನ್ ಮಾತ್ರ ವಿದೇಶಿಯರನ್ನು ಸೇರಿಸಿಕೊಳ್ಳದ ಪದ್ಧತಿಯನ್ನು 1991ರವರೆಗೆ ಕಾಪಾಡಿತ್ತು. ಆ ವರ್ಷ ನೈಜೀರಿಯಾದ ಚೀಮಾ ಒಕೋರಿಯನ್ನು ತಂದು ಅದನ್ನು ಮುರಿಯಿತು. ಆದರೆ ಕಲ್ಕತ್ತೆಯ ದಾರಿ ಕಿರಿದಾದಾಗಲೂ ಬೆಂಗಳೂರಿನ ಆಟ ನಿಲ್ಲಲಿಲ್ಲ. ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು ಆಟಗಾರನಿಗೆ ನೌಕರಿ ಕೊಟ್ಟು ತಂಡ ಕಟ್ಟಿದ್ದವು. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಪ್ರತಿ ಸಂಜೆ ಚೆಂಡು ಉರುಳುತ್ತಿತ್ತು. ಹೊರಗಿನವರು ಕರೆದರೆ ಹೋಗುತ್ತಿದ್ದರು, ಕರೆಯದಿದ್ದರೆ ಇಲ್ಲಿ ಆಡುತ್ತಿದ್ದರು.

ಆಬಿಜಾನ್ ಹುಡುಗರ ಬಗ್ಗೆ ನನಗೆ ಅದೇ ಪ್ರಶ್ನೆ. ಬೆವೆರೆನ್ ಬಾಗಿಲು ಮುಚ್ಚಿದಾಗ ಅವರಿಗೆ ತಮ್ಮೂರಿನಲ್ಲಿ ಆಡಿ ಬದುಕುವ ದಾರಿ ಇತ್ತೇ?

---

ಬರಿಗಾಲ_ತರಬೇತುದಾರ

ಮಕ್ಕಳಿಗೆ ಆಟ ಕಲಿಸುವವನಾಗಿ ಗಿಯೂ ಪದ್ಧತಿಯನ್ನು ಬಹಳ ಆಸಕ್ತಿಯಿಂದ ಓದಿದ್ದೇನೆ. ಮೇಲಿನ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಆಬಿಜಾನಿನ ಸೋಲ್ ಬೇನಿ ಎಂಬಲ್ಲಿ ಅಸೆಕ್ ಕ್ಲಬ್ಬಿನ ಕೇಂದ್ರವಿದೆ. ಅಲ್ಲಿ ಹುಡುಗರು ಬರಿಗಾಲಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಚೆಂಡನ್ನು ನೆಲಕ್ಕೆ ಬೀಳಿಸದೆ ಆಡಿಸುವ ಪರೀಕ್ಷೆಗಳನ್ನು ದಾಟಿದ ಮೇಲೆಯೇ ಬೂಟು. ಜೊತೆಗೆ ಶಾಲೆ, ವಸತಿ, ಊಟ. ಸಾವಿರಾರು ಮಕ್ಕಳನ್ನು ನೋಡಿ ಬೆರಳೆಣಿಕೆಯಷ್ಟು ಮಂದಿಯನ್ನು ಆರಿಸುತ್ತಿದ್ದರು. 1998ರಲ್ಲಿ ಅಸೆಕ್ ಆಫ್ರಿಕಾದ ಚಾಂಪಿಯನ್ಸ್ ಲೀಗ್ ಗೆದ್ದ ಮೇಲೆ ಅದರ ಹಿರಿಯ ಆಟಗಾರರು ಮಾರಾಟವಾಗಿಹೋದರು. 1999ರ ಸೂಪರ್ ಕಪ್‌ಗೆ ಅಕಾಡೆಮಿಯ ಹದಿಹರೆಯದವರನ್ನೇ ಕಣಕ್ಕಿಳಿಸಿದರು. ಟ್ಯುನೀಶಿಯಾದ ಎಸ್ಪೆರಾನ್ಸ್ ತಂಡವನ್ನು ಅವರು ಹೆಚ್ಚುವರಿ ಸಮಯದಲ್ಲಿ 3–1ರಿಂದ ಸೋಲಿಸಿದರು. ಯಾಯಾ ಅವರ ಅಣ್ಣ ಕೋಲೋ ತೂರೆ ಆ ತಂಡದಲ್ಲಿದ್ದರು. ಇದು ಬೆವೆರೆನ್‌ಗಿಂತ ಮೊದಲಿನ ಸಂಗತಿ ಎನ್ನುವುದನ್ನು ದಯವಿಟ್ಟು ಗಮನಿಸಿ. ಯುರೋಪು ಈ ಹುಡುಗರನ್ನು ತಯಾರಿಸಲಿಲ್ಲ. ತಯಾರಾದವರನ್ನು ಕೊಂಡೊಯ್ದಿತು.

2002ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ದೇಶ ಎರಡಾಯಿತು. ಅಂಥ ಹೊತ್ತಿನಲ್ಲಿ ಬೆಲ್ಜಿಯಂಗೆ ಸಿಗುವ ಒಂದು ವಿಮಾನ ಟಿಕೆಟ್ ಏನೆಂದು ಇಲ್ಲಿ ಕುಳಿತು ಅಳೆಯುವುದು ಕಷ್ಟ. ಆದ್ದರಿಂದ ಬೆವೆರೆನ್ ಯೋಜನೆ ಶೋಷಣೆ ಮಾತ್ರವಾಗಿತ್ತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2005ರ ಅಕ್ಟೋಬರ್‌ನಲ್ಲಿ ಸುಡಾನ್ ತಂಡವನ್ನು ಸೋಲಿಸಿ ಐವರಿ ಕೋಸ್ಟ್ ಮೊದಲ ಬಾರಿ ವಿಶ್ವಕಪ್‌ಗೆ ಅರ್ಹತೆ ಪಡೆದಾಗ, ಡ್ರೋಗ್ಬಾ ಮತ್ತು ಸಂಗಡಿಗರು ಕ್ಯಾಮೆರಾ ಮುಂದೆ ಮಂಡಿಯೂರಿ ಆಯುಧ ಕೆಳಗಿಡಿ ಎಂದು ಬೇಡಿಕೊಂಡದ್ದು ಎಲ್ಲರಿಗೂ ಗೊತ್ತು. 2006ರ ವಿಶ್ವಕಪ್ ತಂಡದಲ್ಲಿ ಯಾಯಾ, ಎಬುವೆ, ಬೋಕಾ, ರೊಮಾರಿಕ್, ಬ್ಯಾರಿ, ಯಾಪಿ ಯಾಪೋ ಎಲ್ಲರೂ ಬೆವೆರೆನ್ ದಾಟಿ ಬಂದವರು.

ಆದರೆ ಈ ಹೆಸರುಗಳನ್ನು ಎಣಿಸುವುದರಲ್ಲಿ ನಾವು ಇನ್ನೊಂದು ಪಟ್ಟಿಯನ್ನು ಮರೆಯುತ್ತೇವೆ. ಪಾಠ, ಊಟ, ಕನಸು ಎಲ್ಲವನ್ನೂ ಒಂದೇ ದಾರಿಯ ಸುತ್ತ ಕಟ್ಟಿಕೊಂಡ ಹುಡುಗನಿಗೆ ಹದಿನೇಳನೆಯ ವಯಸ್ಸಿನಲ್ಲಿ ಆ ದಾರಿ ಇಲ್ಲವೆಂದರೆ ಏನು ಮಾಡಬೇಕು? ನನ್ನ ಕೈಕೆಳಗಿನ ಮಕ್ಕಳಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಾಗದವರ ಮುಖವನ್ನೇ ನೋಡಲಾಗುವುದಿಲ್ಲ. ಯೋಜನೆ ನಿಲ್ಲಿಸುವ ಕ್ಲಬ್ ಸರದಿಯಲ್ಲಿ ನಿಂತಿರುವವರಿಗೆ ಎರಡು ಮೂರು ವರ್ಷಗಳ ಹೊಣೆ ಹೊರಬೇಕು. ಓದು ಮುಗಿಸಲು ಹಣ, ಬೇರೆ ಕ್ಲಬ್‌ಗಳಿಗೆ ಪರಿಚಯ, ಕನಿಷ್ಠ ಮುಂಗಡ ಸೂಚನೆ. ಇದು ದಾನವಲ್ಲ, ಬಾಕಿ.

---

ಕಾಂಪ್_ನೌ_ಕನ್ನಡಿಗ

@ಬರಿಗಾಲ_ತರಬೇತುದಾರ ಹೇಳಿದ ಹೊಣೆಯನ್ನು ದೊಡ್ಡ ಕ್ಲಬ್‌ಗಳೂ ಹೊತ್ತಿಲ್ಲ. ಬಾರ್ಸಿಲೋನಾ ವಿದೇಶದ ಅಪ್ರಾಪ್ತ ಹುಡುಗರನ್ನು ಸೇರಿಸಿಕೊಂಡು ಫಿಫಾದ 19ನೇ ಕಲಮನ್ನು ಮುರಿಯಿತೆಂದು 2014ರ ಏಪ್ರಿಲ್‌ನಲ್ಲಿ ಶಿಕ್ಷೆ ಬಿತ್ತು. ಎರಡು ವರ್ಗಾವಣೆ ಅವಧಿಗಳ ನಿಷೇಧ, ನಾಲ್ಕೂವರೆ ಲಕ್ಷ ಸ್ವಿಸ್ ಫ್ರಾಂಕ್ ದಂಡ. ಕ್ರೀಡಾ ನ್ಯಾಯಮಂಡಳಿ ಅದೇ ಡಿಸೆಂಬರ್‌ನಲ್ಲಿ ಮೇಲ್ಮನವಿಯನ್ನು ತಳ್ಳಿಹಾಕಿತು. ಕ್ಲಬ್ಬಿಗೆ ಆದ ನಷ್ಟವನ್ನು ಪತ್ರಿಕೆಗಳು ಪುಟಗಟ್ಟಲೆ ಬರೆದವು. ಅಧಿಕೃತ ಪಂದ್ಯ ಆಡುವಂತಿಲ್ಲವೆಂದು ಬೇಲಿಯಾಚೆ ನಿಂತ ಹುಡುಗರ ಬಗ್ಗೆ ಬರೆದದ್ದು ಕಡಿಮೆ. ಜಪಾನಿನ ತಾಕೆಫುಸಾ ಕುಬೋ 2015ರಲ್ಲಿ ಊರಿಗೆ ಮರಳಿದರು. ಅವರು ಮತ್ತೆ ಸ್ಪೇನಿಗೆ ಬಂದು ಬೆಳಗಿದರು, ಎಲ್ಲರಿಗೂ ಹಾಗಾಗಲಿಲ್ಲ.

ಆ ಕಲಮಿನ ಉದ್ದೇಶ ಒಳ್ಳೆಯದೇ. ಮಕ್ಕಳನ್ನು ಸರಕಿನಂತೆ ಸಾಗಿಸುವುದನ್ನು ತಡೆಯಲೇಬೇಕು. ಆದರೆ ಶಿಕ್ಷೆ ಕ್ಲಬ್ಬಿಗೆ ಬಿದ್ದಾಗ ಅದರ ಭಾರ ಮಗುವಿನ ಹೆಗಲಿಗೆ ಜಾರುತ್ತದೆ. 2021ರ ಜನವರಿಯಿಂದ ಇಂಗ್ಲೆಂಡಿನ ಕ್ಲಬ್‌ಗಳು ಹದಿನೆಂಟರೊಳಗಿನ ವಿದೇಶಿಯರನ್ನು ಸೇರಿಸಿಕೊಳ್ಳುವಂತೆಯೇ ಇಲ್ಲ. ಬ್ರೆಕ್ಸಿಟ್ ಬಂದು ಹದಿನಾರರ ಯುರೋಪಿನ ಹುಡುಗರ ದಾರಿಯೂ ಮುಚ್ಚಿತು.

---

ಹೈಬರಿ_ಉತ್ತರ_ದ್ವಾರ

ಹುಡುಗರಿಗೆ ಬಾಕಿ ಇದೆ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಅದನ್ನು ತೀರಿಸಬೇಕಾದವರು ಯಾರು? ಸಾಲದಲ್ಲಿದ್ದ ಬೆವೆರೆನ್ ಆಗಲಾರದು. ಅಕಾಡೆಮಿ ನಡೆಸಿದವರೇ ತೀರಿಸಬೇಕು. ಗಿಯೂ ಮಾಲಿ, ಅಲ್ಜೀರಿಯಾ, ಮಡಗಾಸ್ಕರ್, ಥಾಯ್ಲೆಂಡ್, ವಿಯೆಟ್ನಾಂಗಳಲ್ಲೆಲ್ಲ ಅಕಾಡೆಮಿ ಹಬ್ಬಿಸಿದರು. ಹಾಗೆಂದರೆ ಅವರ ಕೆಲಸ ಬೆವೆರೆನ್ ಜೊತೆ ಮುಗಿಯಲಿಲ್ಲ.

---

ಹಳದಿ_ನೀಲಿ

ವಿಯೆಟ್ನಾಂ ಉದಾಹರಣೆ ನೀವೇ ಕೊಟ್ಟಿರಿ, ಅದನ್ನೇ ಹಿಡಿಯುತ್ತೇನೆ. 2007ರಲ್ಲಿ ಪ್ಲೇಕು ನಗರದಲ್ಲಿ ಹೋವಾಂಗ್ ಆನ್ ಯಾ ಲಾಯ್ ಕ್ಲಬ್ ಜೊತೆ ಆರಂಭವಾದ ಅಕಾಡೆಮಿಯಲ್ಲಿ ಆರ್ಸೆನಲ್ ಹೆಸರೂ ಇತ್ತು. ಆ ಸಹಯೋಗವೂ ಕಾಲಕ್ರಮೇಣ ಮುಗಿಯಿತು. ಆದರೆ ಅಲ್ಲಿ ಬೆಳೆದವರು ಅದೇ ಕ್ಲಬ್ಬಿನ ಮೊದಲ ತಂಡಕ್ಕೆ, ಅಲ್ಲಿಂದ ವಿಯೆಟ್ನಾಂ ರಾಷ್ಟ್ರೀಯ ತಂಡಕ್ಕೆ ಏರಿದರು. ಹೊರಗಿನವರು ಹೊರಟಾಗ ಆಡಲು ತವರಿನ ತಂಡ, ತವರಿನ ಪ್ರೇಕ್ಷಕರು ಇದ್ದರು. ಅಶೋಕನಗರದ ಹಿರಿಯರು ಹೇಳಿದ ಕಾರ್ಖಾನೆ ತಂಡಗಳ ಮಾತಿಗೆ ಇದು ಹತ್ತಿರದ್ದು.

ಬೆವೆರೆನ್‌ನ ಹೊಣೆಯನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಸಾಲವಿದ್ದರೂ ತಂಡದ ಪಟ್ಟಿಯಲ್ಲಿ ಊರಿನ ಹುಡುಗರಿಗೆ ನಾಲ್ಕು ಸ್ಥಾನ ಮೀಸಲಿಡಲು ಹಣ ಬೇಕಿರಲಿಲ್ಲ. ಹಾಗೆ ಮಾಡಿದ್ದರೆ ಹದಿನೆಂಟರ ಫ್ಲೆಮಿಶ್ ಹುಡುಗನೊಬ್ಬ ಯಾಯಾ ತೂರೆ ಪಕ್ಕದಲ್ಲಿ ನಿಂತು ಆಟ ಕಲಿಯುತ್ತಿದ್ದ. ಅಂಥ ಅವಕಾಶ ಆ ಊರಿಗೆ ಮತ್ತೆ ಬರುವುದಿಲ್ಲ. ಬೆಲ್ಜಿಯಂನಲ್ಲಿ ತರಬೇತಾದವರು ತಂಡದಲ್ಲಿ ಇಂತಿಷ್ಟು ಮಂದಿ ಇರಬೇಕೆಂಬ ನಿಯಮವನ್ನು ಅಲ್ಲಿನ ಲೀಗ್ ಆಮೇಲೆ ತಂದಿತು. ಬೆವೆರೆನ್ ಅದನ್ನು ತಾನಾಗಿಯೇ ಮಾಡಬಹುದಿತ್ತು.

---

ಷೆಲ್ಟ್_ದಂಡೆಯಿಂದ

ನಾಲ್ಕು ಸ್ಥಾನದ ಮಾತನ್ನು ಸಹೋದ್ಯೋಗಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಆ ತಂಡ ಅಷ್ಟು ಚೆನ್ನಾಗಿ ಆಡಿದ್ದೇ ಎಲ್ಲರೂ ಹತ್ತು ಹನ್ನೆರಡನೆಯ ವಯಸ್ಸಿನಿಂದ ಒಟ್ಟಿಗೆ ಬೆಳೆದದ್ದರಿಂದ, ನಡುವೆ ನಾಲ್ವರನ್ನು ತೂರಿಸಿದ್ದರೆ ಕಪ್ ಫೈನಲ್ ಸಹ ಸಿಗುತ್ತಿರಲಿಲ್ಲ ಎಂದರು. ಬದಲಿಗೆ ಗಿಯೂ ಅವರ ತರಬೇತಿಯನ್ನೇ ಬೆವೆರೆನ್‌ನ ಎಂಟು ವರ್ಷದ ಮಕ್ಕಳಿಗೂ 2001ರಲ್ಲಿಯೇ ಕೊಡಿಸಬೇಕಿತ್ತು, ಬರಿಗಾಲಿನಿಂದಲೇ ಶುರು ಮಾಡಬೇಕಿತ್ತು ಎನ್ನುವುದು ಅವರ ವಾದ. ನನಗೂ ಅದೇ ಸರಿ ಎನ್ನಿಸುತ್ತಿದೆ. ಫ್ಲಾಂಡರ್ಸ್‌ನ ಚಳಿಯಲ್ಲಿ ಬರಿಗಾಲು ಹೇಗೆ ಎನ್ನುವುದಕ್ಕೆ @ಬರಿಗಾಲ_ತರಬೇತುದಾರ ಉತ್ತರಿಸಬೇಕು.

---

ಬರಿಗಾಲ_ತರಬೇತುದಾರ

ಚಳಿಗಾಲದಲ್ಲಿ ಒಳಾಂಗಣ, ಬೇಸಿಗೆಯಲ್ಲಿ ಹುಲ್ಲು. ನಮ್ಮ ಮಡಿಕೇರಿಯ ಮಳೆಗಾಲದಲ್ಲಿ ನಾನು ಮಾಡುವುದೂ ಅದನ್ನೇ. ಶಾಲೆಯ ಸಭಾಂಗಣದಲ್ಲಿ ಬೆಂಚು ಸರಿಸಿ ಬರಿಗಾಲಿನಲ್ಲಿ ಚೆಂಡು ಆಡಿಸುತ್ತೇವೆ. ಎಂಟು ವರ್ಷದವರಿಗೆ ಅಷ್ಟು ಜಾಗ ಸಾಕು.